ಪುಟ್ಟತಾಯಮ್ಮನ ಟಗರು ಮತ್ತು ನಮ್ಮ ಬಾಡಿಗೆ ಜಗಳ

ಚೆಂಡುಹೂವಿನ ವಾಸನೆ ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಬೇರೆಯವರಿಗೆ ಅದು ಪೂಜೆಯ ವಾಸನೆ, ಆಯುಧಪೂಜೆಯ ದಿನ ಬಸ್ಸಿನ ಮುಂದೆ ತೂಗುವ ಹಾರದ ವಾಸನೆ. ನನಗೆ ನಾಚಿಕೆಯ ವಾಸನೆ. ಹೋದ ತಿಂಗಳು ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಎದುರಿಗೆ ಹೂವಿನ ಮೂಟೆ ಹೇರಿಕೊಂಡ ಪಿಕಪ್ ಒಂದು ಬಂತು. ಕಿಟಕಿಯಿಂದ ಆ ಕಹಿ ಘಾಟು ನುಗ್ಗಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ ಜ್ವರವಾ ಎಂದು ಕೇಳಿದರು. ಬಿಸಿಲು ಎಂದೆ. ಹೊರಗೆ ಮೋಡ ಕವಿದು ಜಿನುಗುತ್ತಿತ್ತು.

ಆ ರಸ್ತೆಯಿಂದ ಬಲಕ್ಕೆ ತಿರುಗಿದರೆ ಸಿಗುವ ಊರೊಂದರಲ್ಲಿ ನಾನು ಕೆಲವು ವರ್ಷ ಪಶು ಪರೀಕ್ಷಕನಾಗಿದ್ದೆ. ಊರಿನವರು ಡಾಕ್ಟ್ರು ಅನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದಿದೆ, ಆಮೇಲೆ ಬಿಟ್ಟೆ. ನಲವತ್ತು ದಾಟಿದ, ಮದುವೆಯಾಗದ, ಛತ್ರಿ ಮರೆತರೆ ಮಳೆ ಬರುತ್ತದೆಂದೂ ಹಿಡಿದರೆ ಜನ ನಗುತ್ತಾರೆಂದೂ ಏಕಕಾಲಕ್ಕೆ ಚಿಂತೆ ಮಾಡುವ ಆಸಾಮಿ. ಯಾವ ಮಾತನ್ನಾಡುವ ಮುಂಚೆಯೂ ಒಮ್ಮೆ ಸುತ್ತ ನೋಡಿಕೊಳ್ಳುವುದು ನನ್ನ ಅಭ್ಯಾಸ. ಟೈಮೆಷ್ಟು ಎಂದು ಕೇಳಿದವರಿಗೂ ಸುತ್ತ ನೋಡಿಯೇ ಹೇಳುತ್ತಿದ್ದೆ.

ಆದರೆ ಮಾಡುತ್ತಿದ್ದ ಕೆಲಸದಲ್ಲಿ ನಾಚಿಕೆಗೆ ಜಾಗವೇ ಇರಲಿಲ್ಲ. ಬೆಳಗಾದರೆ ಫೋನು. ಸಾ, ನಮ್ ಹಸ ಪಕ್ಕದ ಹಸೀನ್ ಮೇಲೆ ಹತ್ತಾಡ್ತಾ ಅದ, ಬೇಗ್ ಬನ್ನಿ. ಹಸು ಹಸುವಿನ ಮೇಲೆ ಹತ್ತಿತೆಂದರೆ ಬೆದೆಯ ಗುರುತು. ಕೆಳಗೆ ಅಲುಗದೆ ನಿಂತದ್ದು ಯಾವುದೋ ಅದಕ್ಕೆ ಅವತ್ತೇ ಗರ್ಭ ಕಟ್ಟಿಸಬೇಕು. ಈ ಸುದ್ದಿಯನ್ನು ಹಲ್ಲಿಲ್ಲದ ಅಜ್ಜಿಯರು, ಸ್ಕೂಲ್ ಬ್ಯಾಗು ಹಾಕಿಕೊಂಡ ಹೆಣ್ಣುಮಕ್ಕಳು ಬಸ್ಸು ಬಂತು ಅನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದರು. ಹೇಳದೆ ಇದ್ದರೆ ಕರುವಿಲ್ಲ, ಹಾಲಿಲ್ಲ. ನಾನೂ ಅಷ್ಟೇ ಸಲೀಸಾಗಿ ಗ್ಲೌಸ್ ಹಾಕಿಕೊಂಡು ಹೋಗುತ್ತಿದ್ದೆ. ನಾಚಿಕೆಯನ್ನೆಲ್ಲ ಮನೆಯಲ್ಲಿ ಇಟ್ಟಿರುತ್ತಿದ್ದೆ.

ಮನೆಯಲ್ಲಿ ರಾಜನ್ ಇದ್ದ. ವರ್ಷವಿಡೀ ಅಲ್ಲ, ಚೆಂಡುಹೂವಿನ ಕಾಲದಲ್ಲಿ ಮಾತ್ರ. ಅವನು ಕೇರಳದ ಬತ್ತೇರಿ ಕಡೆಯ ಹೂವಿನ ವ್ಯಾಪಾರಿ. ಮುಂಗಾರು ಹಿಡಿದು ನಮ್ಮ ಕಡೆ ಹೊಲಗಳೆಲ್ಲ ಹಳದಿ ಕೇಸರಿ ಆಗುವ ಹೊತ್ತಿಗೆ ಪಿಕಪ್ ತೆಗೆದುಕೊಂಡು ಗಡಿ ದಾಟಿ ಬರುತ್ತಿದ್ದ, ಓಣಂ ಮಾರನೆಗೆ ಹೂವಿಗೆ ಬೆಲೆ ಬೀಳುವುದರಿಂದ ಅದರ ಮುಂಚೆ ಕೊನೆಯ ಲೋಡಿನ ಜೊತೆ ಹೊರಟುಹೋಗುತ್ತಿದ್ದ. ಒಂದು ವರ್ಷ ಯಾವುದೋ ಟೂರಿಸ್ಟ್ ಕಾರು ಗುದ್ದಿ ರಸ್ತೆ ಬದಿಯಲ್ಲಿ ಬಿಟ್ಟುಹೋದ ಕರುವನ್ನು ಎತ್ತಿ, ಹೂವಿನ ಮೂಟೆಗಳ ಮೇಲೆ ಮಲಗಿಸಿಕೊಂಡು ನನ್ನ ಬಾಗಿಲಿಗೆ ಬಂದಿದ್ದ. ಕರು ಉಳಿಯಿತು. ಅವನೂ ಉಳಿದ. ನಮ್ಮಿಬ್ಬರ ನಡುವೆ ಇದ್ದದ್ದು ಏನೆಂದು ಬಳಸಿ ಹೇಳುವ ವಯಸ್ಸು ನನಗೆ ಕಳೆದಿದೆ. ಗಂಡ ಹೆಂಡತಿ ಹೇಗಿರುತ್ತಾರೋ ಹಾಗಿದ್ದೆವು, ಆ ಮೂರು ತಿಂಗಳು, ಕದ ಹಾಕಿಕೊಂಡು.

ಊರಿಗೆ ಅವನು ನನ್ನ ಬಾಡಿಗೆದಾರ. ಆ ಸುಳ್ಳನ್ನು ಸಾಕುವುದಕ್ಕೆ ನಾನು ಪಟ್ಟ ಪಾಡಿಗೆ ಒಂದು ಎಮ್ಮೆ ಸಾಕಿದ್ದರೆ ಲಾಭವಾದರೂ ಬರುತ್ತಿತ್ತು. ಎರಡು ಗೋಡೆಗೆ ಎರಡು ಮಂಚ. ಬಂದವರ ಕಣ್ಣಿಗೆ ಬೀಳುವ ಹಾಗೆ ಅವನ ಮಂಚದ ಮೇಲೆ ಹಗ್ಗ, ತಕ್ಕಡಿ, ಖಾಲಿ ಚೀಲ. ಅವನ ಮುಂಡು ಪಂಚೆ ಹೊರಗಿನ ತಂತಿಯ ಮೇಲೆ ನನ್ನ ಶರಟಿನ ಪಕ್ಕ ಒಣಗಬಾರದೆಂದು ಒಲೆಯ ಹತ್ತಿರ ಒಣಗಿಸುತ್ತಿದ್ದೆ; ಪಾಪ, ಹೊಗೆ ವಾಸನೆ ಹೊಡೆಯುತ್ತಾ ಹೂವಿನ ಮಂಡಿಗೆ ಹೋಗುತ್ತಿದ್ದ. ಎಲ್ಲಕ್ಕಿಂತ ದೊಡ್ಡದು ಬಾಡಿಗೆ ಜಗಳ. ತಿಂಗಳು ಹುಟ್ಟಿದ ದಿನ ಬೆಳಿಗ್ಗೆ, ಬೀದಿಯಲ್ಲಿ ಜನ ಓಡಾಡುವ ಹೊತ್ತು ನೋಡಿಕೊಂಡು, ಜಗಲಿಯ ಮೇಲೆ ನಿಂತು ನಾನು ಗಟ್ಟಿಯಾಗಿ ಬಾಡಿಗೆ ಕೇಳುತ್ತಿದ್ದೆ. ಅವನು ಜಾಸ್ತಿಯಾಯಿತು ಎಂದು ವಾದಿಸಬೇಕು. ಹಿಂದಿನ ದಿನವೇ ಹೇಳಿಕೊಟ್ಟಿರುತ್ತಿದ್ದೆ. ಅವನಿಗೆ ನಗು ತಡೆಯಲಾಗದೆ ಎರಡನೇ ಮಾತಿಗೇ ಬೆನ್ನು ತಿರುಗಿಸಿ ಕೆಮ್ಮುತ್ತಾ ಒಳಗೆ ಹೋಗಿಬಿಡುತ್ತಿದ್ದ. ನಾನು ಅದನ್ನೂ ಉಪಯೋಗಿಸಿಕೊಂಡು, ನೋಡಿ ಎಂಥ ಕೊಬ್ಬು ಎಂದು ಬೀದಿಗೆ ಹೇಳುತ್ತಿದ್ದೆ.

ಎರಡು ಮನೆ ಆಚೆ ಪುಟ್ಟತಾಯಮ್ಮ. ಗಂಡ ಇಲ್ಲ. ಒಂದು ಹಸು, ಒಂದು ಕೊಟ್ಟಿಗೆ ತುಂಬ ಕುರಿ. ಬೆಳಿಗ್ಗೆ ನನ್ನ ಕ್ಯಾನಿಗೆ ಹಾಲು ಹುಯ್ಯುತ್ತಿದ್ದವಳು ಆಕೆ. ಮಳೆಗಾಲದಲ್ಲಿ ಹಾಲು ಹೆಚ್ಚು ಹುಯ್ಯುತ್ತಿದ್ದಳು, ಕೇಳದಿದ್ದರೂ, ಮಾಮೂಲಿನ ಎರಡರಷ್ಟು. ಹಸಿ ಹುಲ್ಲಿನ ಕಾಲ, ಹಸುವಿಗೆ ಹಾಲು ಏರುತ್ತದೆ, ಮಾರಿ ಮಿಕ್ಕದ್ದು ನನಗೆ ಬರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಈ ಕುರಿತು ರಾಜನ್‌ಗೆ ಒಂದು ಸಣ್ಣ ಭಾಷಣವನ್ನೂ ಕೊಟ್ಟಿದ್ದೆ.

ಆ ವರ್ಷ ಮಳೆ ಹದವಾಗಿ ಬಂತು. ಹೊಲ ನೋಡಲು, ಹೂವಿನ ಮಧ್ಯೆ ನಿಂತು ಫೋಟೋ ತೆಗೆಸಿಕೊಳ್ಳಲು ಕೇರಳದ ಕಾರುಗಳು ಸಾಲುಗಟ್ಟಿದ್ದವು. ರಾಜನ್ ಬಂದವನೇ ಚೀಲ ಇಳಿಸುವ ಮುಂಚೆ ಒಂದು ಸುದ್ದಿ ಹೇಳಿದ. ಗುಂಡ್ಲುಪೇಟೆಯಲ್ಲಿ ಗೋಡೌನು ಸಿಗುತ್ತಿದೆ; ಹೂವಿನ ಜೊತೆ ಈರುಳ್ಳಿ, ಬೀಟ್ರೂಟು, ಬಾಳೆ ಎಂದು ವರ್ಷವಿಡೀ ವ್ಯಾಪಾರ ಮಾಡಬಹುದು. ಆಮೇಲೆ ಮುಂಡಿನ ತುದಿ ಮಡಚುತ್ತಾ ಕೇಳಿದ. "ಗೋಡೌನ್ ಈರುಳ್ಳಿಗೆ. ನಾನು ಎಲ್ಲಿ ಮಲಗೋದು, ಸಾರೇ? ನೀನು ಹೇಳು. ಓಣಂ ಮುಂಚೆ ಹೇಳು."

ಬೇಡ ಎಂದರೆ ಬತ್ತೇರಿಯಲ್ಲೇ ಅಣ್ಣನ ಜೊತೆ ಅಂಗಡಿಗೆ ಕೂರುತ್ತಾನೆ, ಇನ್ನು ಗಡಿ ದಾಟುವುದಿಲ್ಲ. ಇದನ್ನು ಅವನು ಬೆದರಿಕೆಯಾಗಿ ಹೇಳಲಿಲ್ಲ. ವಯಸ್ಸಾಗುತ್ತಿದೆ, ಎರಡು ಊರಿನಲ್ಲಿ ಅರ್ಧರ್ಧ ಇರುವುದಕ್ಕೆ ಆಗುವುದಿಲ್ಲ ಎಂದ, ಅಷ್ಟೇ. ಮೂರು ತಿಂಗಳ ಬಾಡಿಗೆದಾರನನ್ನು ಊರು ನಂಬಬಹುದು, ಹನ್ನೆರಡು ತಿಂಗಳವನನ್ನು ಹೇಗೆ ನಂಬೀತು? ನನ್ನ ತಲೆ ತಕ್ಷಣ ಅಲ್ಲಿಗೆ ಓಡಿತು. ನೋಡೋಣ ಎಂದೆ.

ಒಂದು ಭಾನುವಾರ ಅವನ ಜೊತೆ ಲೋಡಿನಲ್ಲಿ ಗಡಿಯವರೆಗೆ ಹೋಗಿದ್ದೆ. ರಾತ್ರಿ ಗೇಟ್ ಹಾಕುವ ಮುಂಚೆ ಕಾಡು ದಾಟಿ ವಾಪಸಾಗಬೇಕು, ಆ ಚಿಂತೆ ಬೇರೆ. ಬಂಡೀಪುರದ ಕಾಡಿನೊಳಗೆ ವಾಹನಗಳೆಲ್ಲ ನಿಂತಿದ್ದವು. ರಸ್ತೆ ಬದಿಯ ಹಸಿರಿನಲ್ಲಿ ಎರಡು ಎಳೆ ವಯಸ್ಸಿನ ಗಂಡಾನೆ, ಎರಡಕ್ಕೂ ದಂತ. ಒಂದರ ಸೊಂಡಿಲು ಇನ್ನೊಂದರ ಬಾಯೊಳಗೆ. ಸ್ವಲ್ಪ ಹೊತ್ತಿಗೆ ಒಂದು ನಿಧಾನವಾಗಿ ಇನ್ನೊಂದರ ಬೆನ್ನ ಮೇಲೆ ಮುಂಗಾಲು ಇಟ್ಟಿತು. ಕೆಳಗಿನದು ಓಡಲಿಲ್ಲ, ಕಿವಿ ಬೀಸುತ್ತಾ ನಿಂತಿತು. ಮುಂದಿನ ಕಾರಿನಲ್ಲಿ ಒಬ್ಬ ತಂದೆ ಮಗುವಿಗೆ ಜಗಳ ಆಡ್ತಾವೆ ಎಂದ. ಮಗು ಇಲ್ಲಪ್ಪ, ಕೂಸುಮರಿ ಆಡ್ತಾವೆ ಎಂದಿತು. ರಾಜನ್ ಸ್ಟೇರಿಂಗ್ ಮೇಲೆ ಗಲ್ಲವಿಟ್ಟುಕೊಂಡು, ದೇವಸ್ಥಾನದಲ್ಲಿ ನೋಡುವ ಹಾಗೆ ನೋಡುತ್ತಿದ್ದ. ನಾನು ಎದುರು ದಿಕ್ಕಿನ ಲಂಟಾನ ಪೊದೆಯನ್ನು ಅಷ್ಟೇ ಭಕ್ತಿಯಿಂದ ನೋಡಿದೆ. ಬೇಕಿದ್ದರೆ ಈಗಲೂ ಆ ಪೊದೆಯ ಚಿತ್ರ ಬರೆದುಕೊಡಬಲ್ಲೆ.

ಇಷ್ಟರಲ್ಲಿ ಪುಟ್ಟತಾಯಮ್ಮ ಸಂತೆಮರಹಳ್ಳಿ ಕಡೆಯ ಮಾದಪ್ಪ ಎಂಬವನಿಂದ ಒಂದು ಬಂಡೂರು ಟಗರು ತಂದಳು. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಬೀದಿಯವರೆಲ್ಲ ಬಂದು ಬೆನ್ನು ಸವರಿ ಹೋದರು. ಕುರಿಗಳಿಗೆ ಒಳ್ಳೆಯ ತಳಿ ಆಗಲಿ ಎಂಬುದು ಆಕೆಯ ಆಸೆ. ನಮ್ಮ ಕಡೆ ತಳಿಯ ಟಗರು ಕೊಡುವಾಗ ಒಂದು ಬಾಯಿಮಾತಿನ ಕರಾರಿರುತ್ತದೆ: ಕುರಿ ಗರ್ಭ ಕಟ್ಟದೆ ಹೋಗಿ, ಅದು ಟಗರಿನ ಕಾಯಿಲೆ ಎಂದು ಗೊತ್ತಿರುವವರು ಹೇಳಿದರೆ, ಮಾರಿದವನು ವಾಪಸ್ ಹಿಡಿದು ಬೇರೆ ಕೊಡಬೇಕು. ವಾಪಸ್ಸಾದದ್ದು ಮತ್ತೆ ತಳಿಗೆ ನಿಲ್ಲುವುದಿಲ್ಲ. ಓಣಂ ಆದಮೇಲೆ ಪಕ್ಷದ ಹಬ್ಬ, ಹಿರಿಯರ ಹೆಸರಿನ ಬಾಡೂಟ. ಅದು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

ಟಗರು ಕುರಿಗಳ ಕಡೆ ತಿರುಗಿ ನೋಡಲಿಲ್ಲ. ಕೊಟ್ಟಿಗೆಯಲ್ಲಿ ಬೋರ ಎಂಬ ನಾಟಿ ಟಗರೊಂದಿತ್ತು, ಒಂದು ಕೊಂಬು ಮುರಿದದ್ದು. ಹೊಸದು ಬಂದ ದಿನದಿಂದ ಬೋರನ ಕುತ್ತಿಗೆಗೆ ಕುತ್ತಿಗೆ ಉಜ್ಜುವುದು, ಬೋರನ ಹಿಂದೆ ಸುತ್ತುವುದು, ಬೋರನ ಮೇಲೇ ಹತ್ತುವುದು. ಬೋರ ಮೆಲುಕು ಹಾಕುತ್ತಾ ನಿಂತಿರುತ್ತಿತ್ತು. ನಾನು ಹೋಗಿ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು, ನನ್ನ ಎದೆಬಡಿತ ಬಿಟ್ಟು. ಏನ್ ಸಾ ಇದು ಎಂದಳು ಪುಟ್ಟತಾಯಮ್ಮ. ಸುತ್ತ ನೋಡಿ, ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಒಂದು ಟಾನಿಕ್ ಕೊಟ್ಟೆ. ಟಾನಿಕ್ಕಿನಿಂದ ಗುಣ ಕಂಡಿತು. ಟಗರಿಗೆ ಹುರುಪು ಬಂತು, ಬಂದ ಹುರುಪನ್ನೆಲ್ಲ ಬೋರನಿಗೇ ಮುಡಿಪಿಟ್ಟಿತು. ಬೇರೆ ಬೇರೆ ಕಟ್ಟಿ ನೋಡಿದಳು. ಎರಡೂ ಮೇವು ಮುಟ್ಟಲಿಲ್ಲ.

ಪಂಚಾಯ್ತಿ ಸೇರಿದ್ದು ಡೈರಿಯ ಮುಂದೆ, ಬೆಳಗಿನ ಹಾಲು ಹಾಕಿ ಮುಗಿದ ಮೇಲೆ. ಓಣಂಗೆ ಇನ್ನು ಕೆಲವೇ ದಿನ ಇತ್ತು. ನ್ಯಾಯ ಹೇಳುವವರು ಡೈರಿ ಅಧ್ಯಕ್ಷ ಶಿವಮಲ್ಲಪ್ಪನವರು, ವಿಭೂತಿ ಹಚ್ಚಿದ ದೊಡ್ಡವರು, ಮೊಟ್ಟೆಯನ್ನೂ ಮುಟ್ಟದವರು; ಆದ್ದರಿಂದ ಟಗರಿನ ವಿಷಯದಲ್ಲಿ ಇವರಿಗೆ ಆಸೆಯಿಲ್ಲ ಎಂದು ಎರಡೂ ಕಡೆಯವರು ಒಪ್ಪಿದ್ದರು. ಟಗರನ್ನು ವಾಪಸ್ ಸಾಗಿಸುವುದಾದರೆ ಎಂದು ರಾಜನ್ ಪಿಕಪ್ ತಂದು ಪಕ್ಕದಲ್ಲಿ ನಿಲ್ಲಿಸಿದ್ದ. ಬಾಗಿಲಿಗೆ ಒರಗಿ ಶರಟಿಗೆ ಅಂಟಿದ ಹೂವಿನ ಎಸಳು ಕಿತ್ತು ಹಾಕುತ್ತಿದ್ದ.

ಮಾದಪ್ಪ ತನ್ನ ಟಗರಿನಲ್ಲಿ ಐಬಿಲ್ಲ, ಇವಳ ಕುರಿಗಳೇ ಸರಿಯಿಲ್ಲ ಎಂದ. ಪುಟ್ಟತಾಯಮ್ಮ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದಳು. ಹುಡುಗರು ಮುಸಿಮುಸಿ ನಕ್ಕರು. ಹೆಣ್ಣು ಸಿಗದೆ ಓಡಾಡುತ್ತಿದ್ದ ಒಬ್ಬನ ಬೆನ್ನಿಗೆ ಗುದ್ದಿ, ನಿಂಗೂ ಒಂದ್ ಬಾಟ್ಲಿ ಟಾನಿಕ್ ಬರಸ್ಕೊಡ್ಲೇನ್ಲಾ ಎಂದ ಇನ್ನೊಬ್ಬ. ಶಿವಮಲ್ಲಪ್ಪನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ನೀವೇ ಹೇಳ್ಬುಡಿ. ಇದು ಕಾಯಿಲೆಯೋ, ಅಲ್ವೋ?"

ರಾತ್ರಿಯೆಲ್ಲ ನಾನು ಒಂದು ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದೆ. ಖನಿಜಾಂಶದ ಕೊರತೆ. ಯಾರಿಗೂ ನೋವಾಗದ, ಯಾರಿಗೂ ಅರ್ಥವಾಗದ ವಾಕ್ಯ. ಖನಿಜ ಎಂದು ಶುರುವೂ ಮಾಡಿದೆ. ಅಷ್ಟರಲ್ಲಿ ರಾಜನ್ ಎಸಳು ಕೀಳುವುದನ್ನು ನಿಲ್ಲಿಸಿದ್ದು ಕಣ್ಣಿಗೆ ಬಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಟಗರನ್ನು ನೋಡುತ್ತಿದ್ದ. ಕಾಯಿಲೆ ಎಂದರೆ ಹಗ್ಗ ಹಿಡಿದು ಅದನ್ನು ತನ್ನ ಗಾಡಿಗೆ ಹತ್ತಿಸಬೇಕಾದವನು ಅವನೇ.

"ಕಾಯಿಲೆ ಅಲ್ಲ" ಎಂದೆ. ಧ್ವನಿ ಯಾರದೋ ಇದ್ದಂತಿತ್ತು. "ಕೆಲವು ಟಗರು ಹೀಗೇ ಇರ್ತವೆ. ಹುಟ್ಟಿದಾಗಿಂದ್ಲೇ. ಅವಕ್ಕೆ ಟಗರೇ ಬೇಕು. ಔಷಧಿ ಇಲ್ಲ, ಬೇಕಾಗೂ ಇಲ್ಲ."

ಹೇಳಿ ಮುಗಿಸಿ ಆಕಾಶ ಬೀಳಲಿ ಎಂದು ಕಾದೆ. ಆಕಾಶ ಬೀಳಲಿಲ್ಲ. ಬದಲಿಗೆ ಮಾದಪ್ಪ ತೊಡೆ ತಟ್ಟಿಕೊಂಡ. ಕಾಯಿಲೆ ಇಲ್ಲ ಅಂದ್ರೆ ವಾಪಸ್ ಇಲ್ಲ! ಆಗ ನನಗೆ ಹೊಳೆಯಿತು: ನಾನು ದೊಡ್ಡ ಸತ್ಯ ಹೇಳಿದ ಸಂಭ್ರಮದಲ್ಲಿ ಆ ಹೆಂಗಸಿನ ತಲೆಗೆ ಉಪಯೋಗಕ್ಕೆ ಬಾರದ ಟಗರು ಕಟ್ಟಿದ್ದೆ. ಶಿವಮಲ್ಲಪ್ಪನವರೂ ಅದನ್ನೇ ಹೇಳಿದರು. ನಾನು ಪುಟ್ಟತಾಯಮ್ಮನ ಮುಖ ನೋಡಲಾಗದೆ ಡೈರಿಯ ಬೋರ್ಡು ಓದಿದೆ.

ಪುಟ್ಟತಾಯಮ್ಮ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಮಾದಪ್ಪನಿಗೆ ಹೇಳಿದಳು, ಜಗಳದ ಧ್ವನಿಯಲ್ಲಲ್ಲ, ಸಂತೆಯ ಧ್ವನಿಯಲ್ಲಿ. "ಆಯ್ತು ಬುಡು. ಇದು ನಂತಾವೇ ಇರ್ಲಿ. ನಿನ್ ಕೊಟ್ಟಿಗೇಲಿ ಇನ್ನೊಂದ್ ಅದಲ್ಲ, ಅದ್ನ ಈ ಬೆದೆ ಮುಗಿಯೋಗಂಟ ನನ್ ಕುರಿಗೆ ಬುಡು. ಇದ್ರ ಉಣ್ಣೆ ಬತ್ತದ, ಗೊಬ್ರ ಬತ್ತದ. ಅವೆರಡೂ ಜೊತೇಲಿ ಮೇಯ್ಕೊಂಡಿರ್ಲಿ. ಬ್ಯಾರೆ ಮಾಡಿ ಹಸ್ಕೊಂಡ್ ಸಾಯ್ಸದ್ಕಿಂತ ವಾಸಿ." ಮಾದಪ್ಪ ಗೊಣಗಿ ಒಪ್ಪಿದ. ಜನ ಕ್ಯಾನು ಎತ್ತಿಕೊಂಡು ಮನೆಗೆ ಹೊರಟರು. ಬೀಜದ ಸುದ್ದಿ, ಮಳೆ ಸುದ್ದಿ ಶುರುವಾಯಿತು. ನನ್ನ ಜೀವಮಾನದ ಭಯ ಅವರಿಗೆ ಅರ್ಧ ಗಂಟೆಯ ಮಾತಾಗಿತ್ತು.

ಮನೆಗೆ ಬರುವಾಗ ಗಾಡಿಯಲ್ಲಿ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಕೂತಿದ್ದೆ. ರಾಜನ್ ಮೆಚ್ಚುತ್ತಾನೆ ಎಂದುಕೊಂಡಿದ್ದೆ. ಅವನು ಗೇರು ಬದಲಿಸುತ್ತಾ ಮೆತ್ತಗೆ ಹೇಳಿದ. "ಟಗರಿಗೋಸ್ಕರ ಇಷ್ಟು ಮಾತಾಡ್ತೀಯ, ಸಾರೇ."

ಆ ಒಂದು ಮಾತು ಈಗಲೂ ನನ್ನ ಕಿವಿ ಸುಡುತ್ತದೆ. ಏಕೆಂದರೆ ಅದಕ್ಕೆ ಉತ್ತರವಾಗಿ ನಾನು ಕಿಟಕಿಯಾಚೆ ನೋಡಿದೆ. ಕೊನೆಯ ಲೋಡಿನ ಬೆಳಿಗ್ಗೆ ಅವನು ಮತ್ತೆ ಕೇಳಲಿಲ್ಲ, ಬಾಗಿಲಲ್ಲಿ ನಿಂತಿದ್ದ, ಅಷ್ಟೇ. ನಾನು ಮತ್ತೆ ನೋಡೋಣ ಎಂದೆ. ಅವನು ತಲೆಯಾಡಿಸಿ, ಪ್ರತಿ ವರ್ಷ ಬಿಟ್ಟುಹೋಗುತ್ತಿದ್ದ ದಿಂಬನ್ನು ಮುಂದಿನ ಸೀಟಿನಲ್ಲಿಟ್ಟುಕೊಂಡು ಹೊರಟ.

ಮಾರನೆಯ ದಿನ ಪುಟ್ಟತಾಯಮ್ಮ ಮಾಮೂಲಿನಷ್ಟೇ ಹಾಲು ಹುಯ್ದಳು. ಕ್ಯಾನಿನೊಳಗೆ ಇಣುಕಿ ನೋಡಿದೆ. ತಳದಲ್ಲಿತ್ತು. ಹೊಲದ ಬದುವಿನಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು, ಮಳೆ ಇನ್ನೂ ಹೋಗಿರಲಿಲ್ಲ. ನನ್ನ ವೃತ್ತಿಯ ಗತ್ತು ಬಿಡದೆ, ಹಸು ಹಾಲು ಇಳಿಸಿತಾ, ಕೆಚ್ಚಲು ನೋಡಲಾ ಎಂದು ಕೇಳಿದೆ.

"ಹಸ ಯಾಕ್ ಸಾ ಇಳಿಸ್ತದ? ನೀವೊಬ್ರೇ ಅಲ್ವಾ ಈಗ."

ಕ್ಯಾನು ಹಿಡಿದುಕೊಂಡು ನಿಂತೆ. ಆಕೆ ಹಸುವಿನ ಮುಂದೆ ಮೇವು ಎಳೆದು ಹಾಕುತ್ತಲೇ ಇದ್ದಳು. ಎಷ್ಟು ಮಳೆಗಾಲ ಆಕೆ ಹಾಗೆ ಹುಯ್ದಿದ್ದಳೋ, ಎಷ್ಟು ಮಳೆಗಾಲ ನಾನು ಹುಲ್ಲಿಗೆ ಕೀರ್ತಿ ಕೊಟ್ಟಿದ್ದೆನೋ. ಮೇಲಿನ ಬೀದಿಯವರು ಮೊದಲು ಆಡಿಕೊಂಡರಂತೆ, ಆಮೇಲೆ ಬೇಜಾರಾಗಿ ಸುಮ್ಮನಾದರಂತೆ. ಒಂದೆರಡು ಮನೆಯವರು ಇನ್ನೂ ಮುಖ ಕೊಡುವುದಿಲ್ಲವಂತೆ; ಅವರು ಯಾರಿಗೂ ಕೊಡುವುದಿಲ್ಲವಂತೆ. ಇದನ್ನೆಲ್ಲ ಹುಲ್ಲಿನ ಸಿವುಡು ಬಿಚ್ಚುತ್ತಾ ಹೇಳಿದವಳು, ನಾನು ಹೊರಡುವಾಗ ಒಂದು ಕೋರಿಕೆ ಇಟ್ಟಳು.

"ಆ ಬಾಡ್ಗೆ ಜಗಳ ಒಂದ್ನ ಬುಟ್ಬುಡಿ ಸಾ. ಪಾಪ, ಆವಯ್ಯಂಗೆ ನಗ ತಡಿಯಕ್ಕಾಗಲ್ಲ. ನಮ್ಗೂ ಕದದ್ ಹಿಂದೆ ನಿಂತ್ಕೊಂಡು ಬಾಯ್ ಮುಚ್ಕೊಂಡ್ ಮುಚ್ಕೊಂಡ್ ಸಾಕಾಗೋಯ್ತು."

ಸಿಕ್ಕಿಬಿದ್ದ ನಾಚಿಕೆ ನನಗೆ ಗೊತ್ತಿತ್ತು, ಅದಕ್ಕೆ ಜೀವನವಿಡೀ ತಾಲೀಮು ಮಾಡಿದ್ದೆ. ಇದು ಬೇರೆ. ನನ್ನ ಗುಟ್ಟನ್ನು ಒಂದು ಬೀದಿ ನನಗಿಂತ ಚೆನ್ನಾಗಿ ಕಾಪಾಡಿಕೊಂಡು ಬಂದಿತ್ತು, ಮತ್ತು ನಾನು ಆ ಬೀದಿಯನ್ನು ಪೆದ್ದು ಎಂದುಕೊಂಡಿದ್ದೆ. ಆ ಪೆದ್ದು ಬೀದಿಗೆ ಹೆದರಿ ಒಬ್ಬ ಮನುಷ್ಯನಿಗೆ ಹೊಗೆಯ ಮುಂಡು ಉಡಿಸಿದ್ದೆ, ತಕ್ಕಡಿಯ ಜೊತೆ ಮಲಗುವವನ ಹಾಗೆ ತೋರಿಸಿದ್ದೆ, ದಿಂಬು ತೆಗೆದುಕೊಂಡು ಹೋಗಲು ಬಿಟ್ಟಿದ್ದೆ. ಮನೆಗೆ ಬಂದು ಆ ಮಂಚದ ಮೇಲಿನ ಚೀಲ, ಹಗ್ಗ ಎಲ್ಲ ಇಳಿಸಿದೆ. ಇಳಿಸಿದ ಮೇಲೆ ಮಂಚ ಇನ್ನೂ ಕೆಟ್ಟದಾಗಿ ಕಂಡಿತು.

ಫೋನ್ ಮಾಡಿದೆ. ಬಾ ಎನ್ನಲು ಬಾಯಿ ಬರಲಿಲ್ಲ. ಅಷ್ಟು ವರ್ಷದ ಅಭ್ಯಾಸ. ನಾಲಿಗೆಗೆ ಸಿಕ್ಕಿದ್ದನ್ನು ಕೇಳಿದೆ. "ಪುಟ್ಟತಾಯಮ್ಮ ಕೇಳ್ತಿದ್ದಾರೆ, ಹಾಲು ಎಷ್ಟು ಹುಯ್ಯಬೇಕು ಅಂತ. ವರ್ಷ ಪೂರ್ತಿಗೆ."

ಆ ಕಡೆ ಓಣಂ ಊಟದ ಗದ್ದಲ, ಪಾತ್ರೆ ಸದ್ದು, ಮಕ್ಕಳು. ರಾಜನ್ ಎದ್ದು ಹೊರಗೆ ಬಂದದ್ದು ಕೇಳಿಸಿತು. ಗದ್ದಲ ಹಿಂದೆ ಉಳಿಯಿತು. ಲೈನು ಕಟ್ಟಾಯಿತೇನೋ ಎಂದು ಹೆದರಿ ಹಲೋ ಹಲೋ ಎಂದೆ.

"ನಾನು ಕುಡಿಯೋದು ಕಟ್ಟನ್ ಚಾಯ" ಎಂದ. "ಹಾಲಿಲ್ಲದ್ದು. ಇಷ್ಟು ವರ್ಷ ನೀನು ನೋಡಿಲ್ಲ."

ನೋಡಿದ್ದೆ. ನೋಡಿಯೂ ಆ ಹಾಲೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿಕೊಂಡಿರಲಿಲ್ಲ. ಹೆಪ್ಪು ಹಾಕಿ ಮಜ್ಜಿಗೆ ಮಾಡಿ, ಶುಂಠಿ ಜಜ್ಜಿ ಹಾಕಿ, ಮಧ್ಯಾಹ್ನ ನಾನು ಹಳ್ಳಿ ಸುತ್ತಿ ಬರುವ ಹೊತ್ತಿಗೆ ಮುಚ್ಚಿಟ್ಟಿರುತ್ತಿದ್ದವನು ಅವನು. ಕುಡಿಯುತ್ತಿದ್ದವನು ನಾನು. ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ.

"ಮಜ್ಜಿಗೆ ಆಗುವಷ್ಟು ಹುಯ್ಯಲಿ."

ನನಗೆ ಚಾಮರಾಜನಗರಕ್ಕೆ ವರ್ಗವಾಗಿ ಬಹಳ ಕಾಲವಾಯಿತು. ಈಗ ಮನೆಯಲ್ಲಿ ಒಂದೇ ತಂತಿ, ಮುಂಡೂ ಶರಟೂ ಒಟ್ಟಿಗೆ ಒಣಗುತ್ತವೆ. ಗಾಳಿಗೆ ಒಂದಕ್ಕೊಂದು ಸುತ್ತಿಕೊಂಡರೆ ಹೋಗಿ ಬಿಡಿಸಿ ಬರಬೇಕೆನ್ನಿಸುತ್ತದೆ. ಒಮ್ಮೊಮ್ಮೆ ಹೋಗಿ ಬಿಡಿಸುತ್ತೇನೆ ಕೂಡ. ರಾಜನ್ ನೋಡಿಯೂ ನೋಡದವನ ಹಾಗೆ ಈರುಳ್ಳಿ ರೇಟು ಮಾತಾಡುತ್ತಾನೆ.

ಹೋದ ತಿಂಗಳು ಆ ಬಸ್ಸಿನಲ್ಲಿ ಅಜ್ಜಿಗೆ ಸುಳ್ಳು ಹೇಳಿದ ಮೇಲೆ ತಡೆಯಲಾಗದೆ ತಿರುವಿನಲ್ಲಿ ಇಳಿದುಕೊಂಡೆ. ಪುಟ್ಟತಾಯಮ್ಮ ಕೊಟ್ಟಿಗೆಯ ಮುಂದೆ ಕೂತು ಹುರುಳಿ ಕೇರುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಎರಡು ಟಗರೂ ಒಂದಕ್ಕೊಂದು ಒರಗಿ ಮಲಗಿದ್ದವು. ಬಂಡೂರಿನದಕ್ಕೂ ಈಗ ಹಲ್ಲು ಸವೆದಿದೆ, ನುಚ್ಚು ಬೇಯಿಸಿ ಹಾಕಬೇಕಂತೆ. ಆಕೆ ನನ್ನ ಹಿಂದೆ ಬೀದಿಯ ಕಡೆ ಕಣ್ಣು ಹಾಯಿಸಿದಳು.

"ಆವಯ್ಯ ಎಲ್ಲಿ ಸಾ?"

"ಮನೇಲವ್ರೆ" ಎಂದೆ.

ಹೇಳಿ ಆದಮೇಲೆ ಸುತ್ತ ನೋಡಿದೆ. ಆ ಎರಡು ಟಗರು ಬಿಟ್ಟರೆ ಯಾರೂ ಇರಲಿಲ್ಲ.